ಪೆಟ್ಟಿಗೆ ಸೇರಿದ ನರ್ಸ್, ಜೇಬಿಗೆ ಬಂದ ಯುದ್ಧಮಂತ್ರಿ

ಒಬ್ಬರ ಮುಖವನ್ನು ನಾಣ್ಯದ ಮೇಲೆ ಅಚ್ಚು ಹಾಕಿಸಿದರೆ ಅವರಿಗೆ ಗೌರವ ಸಿಕ್ಕಿತು ಅಂತ ನಾವೆಲ್ಲ ಸುಲಭವಾಗಿ ಒಪ್ಪಿಕೊಂಡುಬಿಡುತ್ತೇವೆ. ಆ ನಾಣ್ಯ ಎಂಥದ್ದು, ಕೊನೆಗೆ ಯಾರ ಕೈ ಸೇರುತ್ತೆ ಅಂತ ಮಾತ್ರ ಯಾರೂ ಕೇಳಲ್ಲ. ಕೇಳಬೇಕು ಅನ್ನೋದು ನಮ್ಮ ವಾದ. ಅದಕ್ಕೆ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಸಂಗ ಸಾಕು.

2014ಕ್ಕೆ ಮೊದಲ ಮಹಾಯುದ್ಧ ಶುರುವಾಗಿ ನೂರು ವರ್ಷ. ಅದರ ನೆನಪಿಗೆ ಅಲ್ಲಿನ ಟಂಕಸಾಲೆ ರಾಯಲ್ ಮಿಂಟ್ 2 ಪೌಂಡಿನ ನಾಣ್ಯಕ್ಕೆ ಆರಿಸಿಕೊಂಡದ್ದು ಯುದ್ಧಮಂತ್ರಿ ಲಾರ್ಡ್ ಕಿಚನರ್ ಚಿತ್ರವನ್ನು. ದಪ್ಪ ಮೀಸೆ, ನೋಡುವವರ ಕಡೆಗೇ ಚಾಚಿದ ಬೆರಳು, ‘ದೇಶಕ್ಕೆ ನೀನು ಬೇಕು’ ಅನ್ನುವ ಕರೆ. ಸೈನ್ಯಕ್ಕೆ ಜನ ಸೇರಿಸಲು ಬಳಸಿದ ಆ ಚಿತ್ರವನ್ನು ಎಲ್ಲರೂ ಎಲ್ಲೋ ಒಂದು ಕಡೆ ನೋಡಿಯೇ ಇರುತ್ತಾರೆ. ನಮಗೂ ಈ ಮನುಷ್ಯ ಪೂರ್ತಿ ಹೊರಗಿನವನಲ್ಲ. 1902ರಿಂದ 1909ರವರೆಗೆ ಬ್ರಿಟಿಷ್ ಇಂಡಿಯಾದ ಸೇನೆಯ ಮುಖ್ಯಸ್ಥ ಇವನೇ.

ಲಕ್ಷಾಂತರ ಹುಡುಗರು ಸತ್ತ ಯುದ್ಧವನ್ನು ನೆನೆಯಲು, ಅವರನ್ನು ಯುದ್ಧಕ್ಕೆ ಕರೆದವನ ಚಿತ್ರವೇ ಬೇಕಾ? ಈ ಪ್ರಶ್ನೆ ಅಲ್ಲಿಯ ಜನರಿಂದಲೇ ಎದ್ದಿತು. ನರ್ಸ್ ಎಡಿತ್ ಕ್ಯಾವೆಲ್ ಅವರ ನಾಣ್ಯ ತನ್ನಿ ಅಂತ ಒಂದು ಮನವಿ ಶುರುವಾಗಿ, ಅದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು.

ಯಾರು ಈ ಎಡಿತ್ ಕ್ಯಾವೆಲ್? 1865ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಒಬ್ಬ ಪಾದ್ರಿಯ ಮಗಳಾಗಿ ಹುಟ್ಟಿದರು. ಲಂಡನ್ನಿನಲ್ಲಿ ನರ್ಸಿಂಗ್ ಕಲಿತು, 1907ರಲ್ಲಿ ಬ್ರಸೆಲ್ಸ್‌ನ ಹೊಸ ನರ್ಸಿಂಗ್ ಶಾಲೆಯ ಮುಖ್ಯಸ್ಥೆಯಾದರು. ಬೆಲ್ಜಿಯಂನಲ್ಲಿ ತರಬೇತಿ ಪಡೆದ ನರ್ಸುಗಳ ತಲೆಮಾರು ಬೆಳೆದದ್ದರಲ್ಲಿ ಅವರ ಪಾಲು ದೊಡ್ಡದು. ಸೇನೆಯ ಸಮವಸ್ತ್ರ ಹಾಕಿದವರಲ್ಲ, ಯುದ್ಧವೇ ಅವರ ವಾರ್ಡಿಗೆ ಬಂತು. ಯುದ್ಧ ಶುರುವಾದಾಗ ಅವರು ಊರಲ್ಲಿ ತಾಯಿಯ ಜೊತೆಗಿದ್ದರು. ಅಲ್ಲೇ ಉಳಿಯಬಹುದಿತ್ತು, ಆದರೆ ಬ್ರಸೆಲ್ಸ್‌ಗೆ ವಾಪಸ್ ಹೋದರು. ಶಾಲೆ ರೆಡ್ ಕ್ರಾಸ್ ಆಸ್ಪತ್ರೆಯಾಯಿತು. ಗಾಯಗೊಂಡು ಬಂದವನು ಜರ್ಮನ್ ಆದರೂ ಸರಿ, ಬೆಲ್ಜಿಯನ್ ಆದರೂ ಸರಿ, ಆರೈಕೆ ಒಂದೇ. ಜೊತೆಗೆ, ಜರ್ಮನರ ಕೈಗೆ ಸಿಕ್ಕಿಬೀಳಲಿದ್ದ ಸುಮಾರು 200 ಮಿತ್ರಪಕ್ಷದ ಸೈನಿಕರು ಹಾಲೆಂಡಿಗೆ ತಪ್ಪಿಸಿಕೊಳ್ಳಲು ಸಹಾಯ ಮಾಡಿದರು. 1915ರ ಆಗಸ್ಟ್‌ನಲ್ಲಿ ಬಂಧನವಾಯಿತು. ಅಕ್ಟೋಬರ್ 12ರ ಬೆಳಗಿನ ಜಾವ ಜರ್ಮನ್ ಸೇನೆ ಅವರನ್ನು ಗುಂಡಿಟ್ಟು ಕೊಂದಿತು. ಆಗ ಅವರಿಗೆ 49 ವರ್ಷ.

ಸಾಯುವ ಹಿಂದಿನ ರಾತ್ರಿ ಭೇಟಿಗೆ ಬಂದ ಪಾದ್ರಿಯ ಹತ್ತಿರ ಅವರು ಹೇಳಿದ ಮಾತಿನ ಸಾರ ಇಷ್ಟು: ದೇಶಪ್ರೇಮ ಒಂದೇ ಸಾಲದು, ಯಾರ ಮೇಲೂ ನನಗೆ ದ್ವೇಷ ಇರಬಾರದು.

ಈ ಮಾತು ಹೇಳಿದವರನ್ನು ಬ್ರಿಟನ್ ಹೇಗೆ ಬಳಸಿಕೊಂಡಿತು ನೋಡಿ. ಅವರ ಸಾವನ್ನೇ ತೋರಿಸಿ, ಸೇಡು ತೀರಿಸಿಕೊಳ್ಳಲು ಬನ್ನಿ ಅಂತ ಸೈನ್ಯಕ್ಕೆ ಜನ ಸೇರಿಸಿದರು. 1920ರಲ್ಲಿ ಲಂಡನ್ನಿನಲ್ಲಿ ಅವರ ದೊಡ್ಡ ಪ್ರತಿಮೆ ನಿಂತಾಗ, ಅದರ ಮೇಲೆ ಇದ್ದದ್ದು ರಾಜನಿಗಾಗಿ, ದೇಶಕ್ಕಾಗಿ ಅನ್ನುವ ಬರಹ. ಅವರ ಸ್ವಂತ ಮಾತು ಇರಲಿಲ್ಲ. ಮಹಿಳಾ ಸಂಘಟನೆ ಕೇಳಿಕೊಂಡ ಮೇಲೆ 1924ರಲ್ಲಿ ಅದನ್ನು ಕೆತ್ತಿಸಿದರು.

ಈಗ ನಾಣ್ಯಕ್ಕೆ ಬರೋಣ. ಮನವಿಗೆ ಸರ್ಕಾರ ಮಣಿಯಿತು. 2015ರಲ್ಲಿ, ಅವರು ತೀರಿಕೊಂಡು ನೂರು ವರ್ಷ ತುಂಬಿದಾಗ, 5 ಪೌಂಡಿನ ಬೆಳ್ಳಿ ನಾಣ್ಯ ಬಂತು. ಆರು ನಾಣ್ಯಗಳ ಸ್ಮಾರಕ ಸೆಟ್‌ನಲ್ಲಿ ಒಂದು. ಗೆದ್ದರಲ್ಲ ಅನ್ನಿಸುತ್ತೆ. 2 ಪೌಂಡಿಗಿಂತ 5 ಪೌಂಡ್ ದೊಡ್ಡದು, ಸಾದಾ ಲೋಹಕ್ಕಿಂತ ಬೆಳ್ಳಿ ಮೇಲು. ಆದರೆ ಬ್ರಿಟನ್ನಿನಲ್ಲಿ 5 ಪೌಂಡಿನ ನಾಣ್ಯ ಚಲಾವಣೆಗಾಗಿ ಮಾಡುವಂಥದ್ದಲ್ಲ, ಸಂಗ್ರಹಕಾರರಿಗೆ ಮಾರುವಂಥದ್ದು. ಕಿಚನರ್ ನಾಣ್ಯವಾದರೋ ಲಕ್ಷಗಟ್ಟಲೆ ಅಚ್ಚಾಗಿ ಬಸ್ಸು, ಅಂಗಡಿ, ಚಹಾದ ಕ್ಯಾಂಟೀನು ಎಲ್ಲ ಕಡೆ ಓಡಾಡಿತು. ಕರೆದವನು ಜನರ ಜೇಬಿಗೆ, ಗಾಯ ಕಟ್ಟಿದವಳು ಪೆಟ್ಟಿಗೆಗೆ.

ನಾವು ಎಂಜಿನಿಯರಿಂಗ್ ಹುಡುಗರು, ಸ್ವಲ್ಪ ಲೋಹದ ಮಾತೂ ಆಡೋಣ. ಶುದ್ಧ ಬೆಳ್ಳಿ ಮೆದು, ಅದಕ್ಕೇ 92.5 ಭಾಗ ಬೆಳ್ಳಿಗೆ ಉಳಿದದ್ದು ಹೆಚ್ಚಾಗಿ ತಾಮ್ರ ಸೇರಿಸಿ ಸ್ಟರ್ಲಿಂಗ್ ಬೆಳ್ಳಿ ಮಾಡುತ್ತಾರೆ. ಪ್ರೂಫ್ ನಾಣ್ಯ ಅಂದರೆ ಕನ್ನಡಿಯಂತೆ ಪಾಲಿಶ್ ಮಾಡಿದ ಅಚ್ಚಿನಿಂದ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದದ್ದು. ಬೆರಳು ತಾಗಿದರೆ ಕಲೆ ಬೀಳುತ್ತೆ ಅಂತ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಕೊಡುತ್ತಾರೆ. ಜೀವನವಿಡೀ ಬೇರೆಯವರ ರಕ್ತ, ಕೀವು ಮುಟ್ಟಿದವರ ನೆನಪಿಗೆ ಯಾರೂ ಮುಟ್ಟಬಾರದ ನಾಣ್ಯ!

ಬೇರೆ ರೀತಿ ಮಾಡಲು ಆಗುತ್ತಿರಲಿಲ್ಲವೇ? ಆಗುತ್ತಿತ್ತು. 2010ರಲ್ಲಿ ಇದೇ ರಾಯಲ್ ಮಿಂಟ್ ಫ್ಲಾರೆನ್ಸ್ ನೈಟಿಂಗೇಲ್ ನೆನಪಿಗೆ 2 ಪೌಂಡಿನ ನಾಣ್ಯ ತಂದು ಚಲಾವಣೆಗೆ ಬಿಟ್ಟಿತ್ತು. ಅದರ ಮೇಲೆ ರೋಗಿಯ ನಾಡಿ ಹಿಡಿದು ನೋಡುತ್ತಿರುವ ಕೈ. ಸಂಗ್ರಹಕಾರರಿಗೆ ಅಂತ ಬೆಳ್ಳಿಯದ್ದೂ ಬಂತು, ಆದರೆ ಜನರಿಗೆ ಜನರದ್ದು ಸಿಕ್ಕಿತು. ನಮ್ಮ ದೇಶದಲ್ಲೂ ಹಾಗೆ ಆಗಿದೆ. 2010ರಲ್ಲಿ ಮದರ್ ತೆರೇಸಾ ನೆನಪಿಗೆ ಅರ್ಧ ಭಾಗ ಬೆಳ್ಳಿಯ 100 ರೂಪಾಯಿ ನಾಣ್ಯದ ಜೊತೆಗೆ 5 ರೂಪಾಯಿಯದ್ದೂ ಬಂತು.

“ಯುಪಿಐ ಕಾಲದಲ್ಲಿ ನಾಣ್ಯ ಯಾರು ನೋಡ್ತಾರೆ ಗುರು?” ಅಂತ ನೀವು ಕೇಳಬಹುದು. ನಿಜ, ನಮ್ಮಲ್ಲಿ ಅನೇಕರ ಪರ್ಸಿನಲ್ಲಿ ಚಿಲ್ಲರೆಯೇ ಇರಲ್ಲ. ಆದರೂ ಬಸ್ಸಿನ ಕಂಡಕ್ಟರು, ಸೊಪ್ಪಿನ ಅಜ್ಜಿ, ಹುಂಡಿಗೆ ಕಾಸು ಹಾಕುವ ಮಗು ಇನ್ನೂ ನಾಣ್ಯ ಮುಟ್ಟುತ್ತಾರೆ. ಆ ಮಗು ಒಂದು ದಿನ ಅದನ್ನು ತಿರುಗಿಸಿ “ಇವರ‍್ಯಾರು?” ಅಂತ ಕೇಳುತ್ತೆ. ಬೆಳ್ಳಿ ಸೆಟ್ ಕೊಳ್ಳುವವರಿಗೆ ಆ ಪ್ರಶ್ನೆಯ ಉತ್ತರ ಮೊದಲೇ ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ತಲುಪಿದರೆ ಮಾತ್ರ ಅದು ಸ್ಮಾರಕ.

ಇನ್ನು ನಮ್ಮ ಮನೆಯ ಮಾತು. 1976ರಲ್ಲಿ ಭಾರತೀಯ ಸೇನೆಯಲ್ಲಿ ಮೇಜರ್ ಜನರಲ್ ಹುದ್ದೆಗೆ ಏರಿದ ಮೊದಲ ಮಹಿಳೆ ಒಬ್ಬ ನರ್ಸ್: ಮಿಲಿಟರಿ ನರ್ಸಿಂಗ್ ಸರ್ವೀಸ್‌ನ ಗರ್ಟ್ರೂಡ್ ಆಲಿಸ್ ರಾಮ್. ಕ್ವಿಜ್‌ಗೆ ಓದುವವರನ್ನು ಬಿಟ್ಟರೆ ಈ ಹೆಸರು ನಮ್ಮ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಇಂಥವರಿಗೆ ನಾಣ್ಯ ಬರಬೇಕು ಅಂತ ನಾವು ಕೇಳುತ್ತೇವೆ. ಅದು ಹೊಳೆಯುವ ಬೆಳ್ಳಿಯದ್ದೇ ಆಗಬೇಕಿಲ್ಲ. 10 ರೂಪಾಯಿಯದ್ದೋ 20 ರೂಪಾಯಿಯದ್ದೋ ಸಾಕು, ಕೈಯಿಂದ ಕೈಗೆ ಹೋಗಿ ಸವೆಯಲಿ. ಮುಂದೆ ಯಾರದ್ದೇ ಹೆಸರಿನಲ್ಲಿ ಸ್ಮಾರಕ ನಾಣ್ಯ ಬಂತು ಅಂತ ಸುದ್ದಿ ಓದಿದಾಗ ಶೇರ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: ಇದು ಚಲಾವಣೆಗೆ ಬರುತ್ತಾ?