ಶಿಕ್ಷಣ ಸಾಲ: ಕೇಳುವುದು ಏನನ್ನು, ಯಾರನ್ನು?

ವಿದ್ಯಾರ್ಥಿಗಳೇ, ತಂದೆತಾಯಂದಿರೇ,

ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷದ ಎಂಜಿನಿಯರಿಂಗಿಗೆ 4 ಲಕ್ಷ ಸಾಲ ತೆಗೆದಿರಿ ಎನ್ನಿ. ಬಡ್ಡಿ ಶೇ. 10. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ, ನಿಜ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ. ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ 1.40 ಲಕ್ಷ. ಅದು ಅಸಲಿಗೆ ಸೇರಿ ಸಾಲ 5.40 ಲಕ್ಷವಾಗುತ್ತದೆ. ಹತ್ತು ವರ್ಷಕ್ಕೆ ಹಂಚಿದರೂ ತಿಂಗಳಿಗೆ ಏಳು ಸಾವಿರ ದಾಟಿತು. ಕೆಲಸ ಸಿಕ್ಕಿತೇ ಎಂದು ಯಾರೂ ಕೇಳುವುದಿಲ್ಲ.

ಓದಿನ ಕಾಲದ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ 2009ರಿಂದ ಇದೆ. ಒಳ್ಳೆಯದೇ. ಆದರೆ ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರಬಾರದು. ಅಂದಿನ ಆ ಮಿತಿಯೇ ಇಂದಿಗೂ ಇದೆ. ಕಾಲೇಜು ಫೀ, ಹಾಸ್ಟೆಲ್ ಖರ್ಚು ಎಲ್ಲಿಗೆ ಹೋಗಿವೆ ಎಂದು ನಿಮಗೇ ಗೊತ್ತು. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷ ಆದಾಯದವರೆಗೆ ಶೇ. 3 ಬಡ್ಡಿ ರಿಯಾಯಿತಿ ಇದೆ. ಆದರೆ ಆಗ ಪಟ್ಟಿಯಲ್ಲಿದ್ದದ್ದು ದೇಶದ 860 ಸಂಸ್ಥೆಗಳು, ರಿಯಾಯಿತಿ ವರ್ಷಕ್ಕೆ ಒಂದು ಲಕ್ಷ ಮಂದಿಗೆ. ಪಟ್ಟಿಯಲ್ಲಿಲ್ಲದ ಕಾಲೇಜಿಗೆ ಹೋಗುವ ಮಗಳಿಗೆ ಅದು ಕನ್ನಡಿಯೊಳಗಿನ ಗಂಟು.

ನಾವು ಸಾಲಮನ್ನಾ ಕೇಳುತ್ತಿಲ್ಲ. (ಮನ್ನಾ ಚುನಾವಣೆಗೊಮ್ಮೆ ಬರುತ್ತದೆ, ಮುಂದಿನ ಬ್ಯಾಚಿಗೆ ಇರುವುದಿಲ್ಲ.) ಬಡ್ಡಿ ಸಹಾಯದ ಆದಾಯ ಮಿತಿಯನ್ನು, ಕಾಲೇಜಿನ ರ‍್ಯಾಂಕ್ ನೋಡದೆ, 8 ಲಕ್ಷಕ್ಕೆ ಏರಿಸಿ. ಕೆಲಸ ಸಿಗುವವರೆಗೆ ಕಂತು ಬೇಡ. ಸಿಕ್ಕ ಮೇಲೆ ಸಂಬಳಕ್ಕೆ ತಕ್ಕಷ್ಟು ಕಟ್ಟುತ್ತೇವೆ.

ಇದನ್ನು ಬ್ಯಾಂಕ್ ಮ್ಯಾನೇಜರ್ ಎದುರು ಕೂಗಿ ಪ್ರಯೋಜನವಿಲ್ಲ, ನಿಯಮ ಬರೆಯುವವರು ಅವರಲ್ಲ. ಇರುವ ನಿಯಮ ಮುರಿದರೆ ಮಾತ್ರ ಬಿಡಬೇಡಿ. 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಆದರೂ ‘ಪಹಣಿ ತನ್ನಿ’, ‘ಈ ವರ್ಷದ್ದು ಮುಗೀತು’ ಎಂದರೆ, ‘ಸರ್, ಕಾರಣ ಬರೆದುಕೊಡಿ’ ಎನ್ನಿ. ಸಾಲ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನದೇ ಸೂಚನೆ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ, ಶುಲ್ಕವಿಲ್ಲ.

ಆ ಕಾಗದಗಳ ಜೆರಾಕ್ಸ್ ಜೋಪಾನ. ಪ್ರತಿ ಜಿಲ್ಲೆಯಲ್ಲೂ ಲೀಡ್ ಬ್ಯಾಂಕಿನ ಪರಿಶೀಲನಾ ಸಭೆ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ಸಂಸದರಿಗೂ ಶಾಸಕರಿಗೂ ಅಲ್ಲಿ ಜಾಗವಿದೆ. ಸಭೆಗೆ ಮೊದಲೇ ಅವರ ಕೈಗೆ ಹತ್ತು ನಿರಾಕರಣೆ ಪತ್ರ ಸೇರಿದರೆ, ಒಂದು ದಿನದ ಧರಣಿಗಿಂತ ಹೆಚ್ಚು ಕೆಲಸವಾಗುತ್ತದೆ ಎಂದೇ ನಮ್ಮ ಲೆಕ್ಕ. ಆದಾಯ ಮಿತಿ ದೆಹಲಿಯ ಕೈಯಲ್ಲಿದೆ. ಸಹಿ ಹಾಕಿದ ಮನವಿಯನ್ನು ನಿಮ್ಮ ಸಂಸದರ ಮೂಲಕ ಲೋಕಸಭೆಗೆ ಸಲ್ಲಿಸಿ, ಬಜೆಟ್ ಸಿದ್ಧವಾಗುವ ಮೊದಲೇ.

ನಿಮ್ಮ ಕಾಲೇಜಿನಲ್ಲಿ ಸಾಲ ಕೇಳಿದವರು ಎಷ್ಟು, ಸಿಕ್ಕವರು ಎಷ್ಟು, ಯಾವ ಶಾಖೆ, ಯಾವ ದಿನಾಂಕ: ಆ ಪಟ್ಟಿಯನ್ನು ಈ ವಾರವೇ ಶುರುಮಾಡಿ.