ಸೌಟು ತಳ ಮುಟ್ಟುವ ಸದ್ದು

ಪಂಕ್ತಿಯಲ್ಲಿ ಕುಳಿತವರಿಗೆ ಪಾತ್ರೆಯ ಒಳಗು ಕಾಣುವುದಿಲ್ಲ. ಆದರೆ ಸೌಟಿನ ಸದ್ದು ಕೇಳುತ್ತದೆ. ತುಂಬಿದ ಪಾತ್ರೆಯಲ್ಲಿ ಸೌಟು ಸದ್ದಿಲ್ಲದೆ ಮುಳುಗಿ ಮೇಲೇಳುತ್ತದೆ. ಪದಾರ್ಥ ತೀರುತ್ತ ಬಂದಾಗ ತಳಕ್ಕೆ ತಾಗಿ ಕೆರೆಯುತ್ತದೆ. ಆ ಸದ್ದು ಕಿವಿಗೆ ಬಿದ್ದ ಕ್ಷಣದಲ್ಲಿ ಮರ್ಯಾದಸ್ಥನಾದ ಅತಿಥಿಯ ಹಸಿವು ತೀರಿಹೋಗುತ್ತದೆ.

ಈ ಯುಗಾದಿಯ ಮರುದಿನ ರಾತ್ರಿ ಪುಣೆಯ ನಮ್ಮ ಮನೆಯಲ್ಲಿ ಹೀಗೇ ಆಯಿತು. ಒಂಬತ್ತು ಜನರನ್ನು ಊಟಕ್ಕೆ ಕರೆದಿದ್ದೆವು. ಅವರಲ್ಲಿ ಗದುಗಿನ ಕಡೆಯ ಹಿರಿಯರೊಬ್ಬರು ಎರಡು ಬಸ್ಸು ಬದಲಿಸಿ ತಡವಾಗಿ ಬಂದರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾದ ಅವರು ದಿನವೂ ಉಣ್ಣುವುದು ಹೊರಗಿನಿಂದ ಬರುವ ಡಬ್ಬಿಯ ಊಟವನ್ನು. ಕಟ್ಟಿನ ಸಾರನ್ನು ಕಂಡು ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಒಮ್ಮೆ ಬಡಿಸಿಕೊಂಡರು, ಎರಡನೆಯ ಸಲವೂ ಹಾಕಿಸಿಕೊಂಡರು. ಮೂರನೆಯ ಸಲ ಅನ್ನದ ಪಾತ್ರೆ ಅವರ ಬಳಿಗೆ ಬಂದಾಗ ಸೌಟು ಕೆರೆಯಿತು. ಮುಂದೆ ಚಾಚಿದ್ದ ಕೈಯನ್ನು ಅವರು ತಟ್ಟೆಯ ಮೇಲೆ ಅಡ್ಡ ಹಿಡಿದು, "ಸಾಕ್ರೀ ತಂಗಿ, ಹೊಟ್ಟಿ ತುಂಬೇತಿ" ಎಂದರು. ತುಂಬಿರಲಿಲ್ಲ. ಅದು ನನಗೂ ಗೊತ್ತಿತ್ತು, ನನಗೆ ಗೊತ್ತಿದೆಯೆಂಬುದು ಅವರಿಗೂ ಗೊತ್ತಿತ್ತು.

ಅಂದು ಅನ್ನ ಕಡಿಮೆಯಾದದ್ದು ಬಡತನದಿಂದಲ್ಲ, ಜಿಪುಣತನದಿಂದಲೂ ಅಲ್ಲ. ವಿವೇಕವೆಂದು ನಾನು ನಂಬಿದ್ದ ಒಂದು ನಿರ್ಧಾರದಿಂದ. ಅದಕ್ಕೆ ಕೆಲವು ತಿಂಗಳ ಹಿಂದೆ, ದೀಪಾವಳಿಯ ವೇಳೆಗೆ, ಹನ್ನೆರಡು ಜನರಿಗೆಂದು ಅಡುಗೆ ಮಾಡಿದ್ದೆ. ಬಂದವರು ಎಂಟು ಜನ. ಅವರಲ್ಲಿ ಮೂವರು ಸಕ್ಕರೆ ಕಾಯಿಲೆಯವರು, ಒಬ್ಬಳು ರಾತ್ರಿ ಅನ್ನ ಮುಟ್ಟದವಳು. ಉಳಿದದ್ದು ಫ್ರಿಜ್ಜಿನ ಎರಡು ಅಂಕಣಗಳನ್ನು ಆಕ್ರಮಿಸಿತು. ಎರಡು ದಿನ ನಾವು ಉಂಡೆವು. ಮನೆಗೆಲಸಕ್ಕೆ ಬರುವ ಹೆಂಗಸಿಗೂ ಎರಡು ದಿನ ಕೊಟ್ಟೆ. ಮೂರನೆಯ ದಿನ ಅವಳು ಡಬ್ಬಿಯನ್ನು ಅಲ್ಲಿಯೇ ಬಿಟ್ಟು, ಮರಾಠಿಯಲ್ಲಿ ಮೆಲ್ಲಗೆ, "ಅಕ್ಕಾ, ನಮ್ಮ ಮನೆಯಲ್ಲಿಯೂ ಅಡುಗೆ ಮಾಡುತ್ತೇವೆ" ಎಂದಳು. ನಾನು ದಾನವೆಂದುಕೊಂಡದ್ದು ವಿಲೇವಾರಿಯಾಗಿತ್ತು. ನಾಲ್ಕನೆಯ ದಿನ ಹುಳಿಯನ್ನೂ ಪಾಯಸವನ್ನೂ ಒಂದೇ ಬಕೆಟ್ಟಿಗೆ ಸುರಿಯುವಾಗ ನನ್ನ ಅವ್ವ ನೋಡುತ್ತಿದ್ದಾಳೆಂಬಂತೆ ಹಿಂದಕ್ಕೆ ತಿರುಗಿ ನೋಡಿದೆ. ಅಂದಿನಿಂದ ಅಳತೆ ಹಿಡಿದು ಮಾಡತೊಡಗಿದೆ. ಆ ಅಳತೆಯ ಕೊನೆಗೆ ಬಂದದ್ದು ಯುಗಾದಿಯ ಆ ಸದ್ದು.

ಇವೆರಡರ ನಡುವೆ ಯಾವುದು ದೊಡ್ಡ ತಪ್ಪು ಎಂಬ ಪ್ರಶ್ನೆಗೆ ಈಗಿನ ಕಾಲದ ಉತ್ತರ ಸಿದ್ಧವಾಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತು ಪೋಲು ಮಾಡಿದ ಆಹಾರ 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು ಹೋಟೆಲು, ಅಂಗಡಿಗಳಿಂದಲ್ಲ, ಮನೆಗಳಿಂದ. ಭಾರತದ ಮನೆಗಳಿಗೆ ಆ ವರದಿ ಹಾಕಿರುವ ಅಂದಾಜು ತಲೆಗೆ ವರ್ಷಕ್ಕೆ 55 ಕಿಲೋ. ಸಿಪ್ಪೆ, ಎಲುಬುಗಳೂ ಈ ಲೆಕ್ಕದಲ್ಲಿ ಸೇರಿವೆ ಎಂಬುದನ್ನು ನೆನಪಿಟ್ಟುಕೊಂಡರೂ ಅದು ಸಣ್ಣ ಅಂಕಿಯಲ್ಲ. ಪುಣೆಯಲ್ಲಿರುವ ನಮಗೆ ಇದು ದೂರದ ಮಾತೂ ಅಲ್ಲ. ಊರಿನ ಕಸ ಹೋಗಿ ಬೀಳುತ್ತಿದ್ದ ಉರುಳಿ ದೇವಾಚಿ, ಫುರಸುಂಗಿಯ ಹಳ್ಳಿಗರು ಎಷ್ಟೋ ವರ್ಷ ಪ್ರತಿಭಟಿಸಿದ್ದಾರೆ. ಬಾಗಿಲಿಗೆ ಬಂದು ಹಸಿಕಸ ಒಯ್ಯುವ ಹೆಂಗಸರಿಗೆ ನಮ್ಮ ಅತಿಥಿಸತ್ಕಾರದ ನಿಜವಾದ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು.

ಆದರೂ ಈ ಅಂಕಿಗಳನ್ನು ಮುಂದಿಟ್ಟುಕೊಂಡು ಅತಿಥಿಯ ತಟ್ಟೆಯನ್ನು ಅಳೆಯುವವರ ಜೊತೆ ನಾನು ಸೇರಲಾರೆ. ಇತ್ತೀಚೆಗೆ ಕೆಲವು ಮನೆಗಳಲ್ಲಿ ಊಟಕ್ಕೆ ಹೋದಾಗ ತಲೆಗೆ ಎರಡು ಹೋಳಿಗೆ, ಮೂರು ಬಜ್ಜಿ ಎಂದು ಎಣಿಸಿಟ್ಟಿದ್ದು ಕಂಡಿದೆ. ಪೋಲಾಗುವುದಿಲ್ಲ, ನಿಜ. ಆದರೆ ಹಾಗೆ ಎಣಿಸಿದ ತಟ್ಟೆಯ ಮುಂದೆ ಕುಳಿತವನು ಅತಿಥಿಯಲ್ಲ, ಟಿಕೆಟ್ಟು ಪಡೆದ ಪ್ರಯಾಣಿಕ. 1965ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಲು ಕರೆಕೊಟ್ಟಾಗ ನಮ್ಮ ಹಿರಿಯರು ತಮ್ಮ ಊಟವನ್ನು ಬಿಟ್ಟರು. ಅತಿಥಿಯ ಊಟವನ್ನು ಬಿಡಿಸಲಿಲ್ಲ. ಆ ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ.

ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯ ಕೊನೆಯ ಭಾಗದಲ್ಲಿ ಅನ್ನದ ಬಗ್ಗೆ ಕೆಲವು ವ್ರತಗಳು ಒಂದರ ಹಿಂದೆ ಒಂದು ಬರುತ್ತವೆ. ಅನ್ನವನ್ನು ಹಳಿಯಬಾರದೆಂಬುದು ಒಂದು, ಅದನ್ನು ತಳ್ಳಿಹಾಕಬಾರದೆಂಬುದು ಮತ್ತೊಂದು. ಅದರ ಬೆನ್ನಿಗೇ ಅನ್ನವನ್ನು ಹೇರಳವಾಗಿ ಸಂಪಾದಿಸಬೇಕೆಂಬ ವ್ರತ. ಅದಾದ ಮೇಲೆ ಆಶ್ರಯ ಕೇಳಿ ಬಂದವರನ್ನು ಹಿಂದಿರುಗಿಸಬಾರದೆಂಬ ವ್ರತ. ಪೋಲು ಮಾಡದಿರುವುದೂ ಧಾರಾಳವಾಗಿರುವುದೂ ಅಲ್ಲಿ ಎದುರುಬದುರು ನಿಂತ ಪಕ್ಷಗಳಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಶರಣ ಪರಂಪರೆಯಲ್ಲಿಯೂ ಹೀಗೆಯೇ. ದಾಸೋಹಕ್ಕೆ ಬಾಗಿಲು ತೆರೆದಿಟ್ಟ ಮನೆಗಳಲ್ಲಿಯೇ ಹಿರಿಯರು ಊಟದ ಕೊನೆಗೆ ತಟ್ಟೆಯನ್ನು ನೀರಿನಿಂದ ತೊಳೆದು ಆ ನೀರನ್ನು ಕುಡಿಯುತ್ತಿದ್ದರು. ಒಂದು ಅಗುಳೂ ಪ್ರಸಾದವೇ. ನನ್ನ ಅಜ್ಜ ಹೀಗೆ ಕುಡಿಯುವುದನ್ನು ಕಂಡು ಚಿಕ್ಕಂದಿನಲ್ಲಿ ನಾವು ಮೊಮ್ಮಕ್ಕಳು ನಗುತ್ತಿದ್ದೆವು.

ಹಾಗಾದರೆ ಅವರಿಗೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಾಗುತ್ತಿಲ್ಲ? ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಅವರು ಒಲೆಯ ಬಳಿ ಕಟ್ಟುನಿಟ್ಟು, ಎಲೆಯ ಬಳಿ ಧಾರಾಳ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡಿದವರು ಅವರು. ಇಂದು ಅದೇ ಹಬ್ಬದ ಮುಖ್ಯ ರುಚಿ. ಹೀರೇಕಾಯಿ ಪಲ್ಯವಾದರೆ ಸಿಪ್ಪೆ ಚಟ್ನಿಯಾಗುತ್ತಿತ್ತು. ಉಳಿದ ಅನ್ನ ಸಂಡಿಗೆಯಾಗಿ ಮಾಳಿಗೆಯ ಮೇಲೆ ಒಣಗುತ್ತಿತ್ತು, ಇಲ್ಲವೇ ಬೆಳಿಗ್ಗೆ ಒಗ್ಗರಣೆಯಾಗುತ್ತಿತ್ತು. ಅಕ್ಕಿ ತೊಳೆದ ನೀರು ಎಮ್ಮೆಯ ಕಲಗಚ್ಚಿಗೆ, ಎಲೆಯಲ್ಲಿ ಬಿಟ್ಟದ್ದು ದನಕ್ಕೆ. ಆ ಮನೆಗಳಿಗೆ ಒಂದು ಹಿತ್ತಿಲಿತ್ತು. ಹೆಚ್ಚಾದದ್ದನ್ನೆಲ್ಲ ಹಿತ್ತಿಲು ನುಂಗಿ ಮತ್ತೆ ಹಾಲಾಗಿಯೋ ಗೊಬ್ಬರವಾಗಿಯೋ ಮರಳಿಸುತ್ತಿತ್ತು. ಹಾಗೆಂದು ಆ ಹಿತ್ತಿಲನ್ನು ನಾನು ಪೂರ್ತಿ ಹೊಗಳಲಾರೆ. ಎಂಜಲೆಲೆಗಾಗಿ ಕಾದು ನಿಂತ ಮನುಷ್ಯರೂ ಅದೇ ಹಿತ್ತಿಲಿನಲ್ಲಿದ್ದರು. ನಮ್ಮ ಔದಾರ್ಯದ ಹಳೆಯ ಲೆಕ್ಕ ಸರಿಹೋಗುತ್ತಿದ್ದದ್ದು ಅವರ ಹಸಿವಿನಿಂದಲೂ ಹೌದು.

ನಮಗೆ ಮೂರನೆಯ ಮಹಡಿಯಲ್ಲಿ ಹಿತ್ತಿಲಿಲ್ಲ. ಆದರೆ ಅಳತೆ ಮಾತ್ರ ಹಿತ್ತಿಲಿದ್ದ ಮನೆಯದು. ರಾಶಿ ಮಾಡಿ ಬಂದು ಕುಳಿತವರಿಗೆ ಅವ್ವ ಹಾಕುತ್ತಿದ್ದ ಅಕ್ಕಿಯ ಪ್ರಮಾಣವನ್ನು, ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಸಂಜೆ ಮಾತ್ರೆ ನುಂಗುವವರಿಗೂ ಹಾಕುತ್ತೇವೆ. ಆಮೇಲೆ ಅದನ್ನು ಖರ್ಚು ಮಾಡಲು ಉಪಚಾರಕ್ಕೆ ಇಳಿಯುತ್ತೇವೆ.

ಉಪಚಾರದ ಬಗ್ಗೆ ಒಂದು ಮಾತು ಹೇಳಲೇಬೇಕು, ನಮ್ಮ ಉತ್ತರ ಕರ್ನಾಟಕದವರಿಗೆ ಕೋಪ ಬಂದರೂ ಚಿಂತೆಯಿಲ್ಲ. "ನಾಚ್ಕೋಬ್ಯಾಡ್ರಿ, ನಿಮ್ಮ ಮನೀ ಅಂತ ತಿಳ್ಕೋರಿ" ಎನ್ನುವ ಮಾತಿನಷ್ಟು ಬೆಚ್ಚಗಿನ ಮಾತು ನಮ್ಮ ನುಡಿಯಲ್ಲಿ ಬೇರೆಯಿಲ್ಲ. ನಮ್ಮಲ್ಲಿ ಮೊದಲನೆಯ "ಸಾಕು" ಬರೀ ಸೌಜನ್ಯ; ಅದನ್ನು ನಂಬಿ ಸೌಟು ಹಿಂತೆಗೆದವರು ಲೋಕಜ್ಞಾನವಿಲ್ಲದವರು. ಎರಡನೆಯದರಲ್ಲಿ ಅರ್ಧ ಸತ್ಯವಿರುತ್ತದೆ. ಮೂರನೆಯದು ಪೂರ್ತಿ ಸತ್ಯ. ನಾವು ಕೆಡುವುದು ನಾಲ್ಕನೆಯದನ್ನೂ ಕೇಳಿಸಿಕೊಳ್ಳದಾಗ. ಅತಿಥಿಯ ಅಡ್ಡಗೈಯನ್ನು ಸರಿಸಿ ತಟ್ಟೆಗೆ ಹೋಳಿಗೆ ಎಸೆಯುವುದು, ಆಣೆ ಹಾಕುವುದು, "ಚೆಲ್ಲಬ್ಯಾಡ್ರಿ, ಪಾಪ ಬರತೈತಿ" ಎಂದು ಮೇಲೆ ಹೆದರಿಸುವುದು — ಇದು ಔದಾರ್ಯವೂ ಅಲ್ಲ, ಅನ್ನದ ಗೌರವವೂ ಅಲ್ಲ. ತುಂಬಿದ ಹೊಟ್ಟೆಗೆ, ಅದರಲ್ಲೂ ಸಕ್ಕರೆ ಕಾಯಿಲೆಯ ಹೊಟ್ಟೆಗೆ ಹೋದ ಐದನೆಯ ಹೋಳಿಗೆ ಬಕೆಟ್ಟಿಗೆ ಬಿದ್ದ ಹೋಳಿಗೆಯಷ್ಟೇ ಪೋಲು. ನಮ್ಮ ಲೆಕ್ಕದ ತಪ್ಪನ್ನು ತುಂಬಿಸಿಕೊಳ್ಳಲು ಅತಿಥಿಯ ಹೊಟ್ಟೆ ಕಸದ ಬುಟ್ಟಿಯಲ್ಲ. ಕೇಳುವುದು ಬೇರೆ, ಸುರಿಯುವುದು ಬೇರೆ. ಮೂರು ಸಲ ಕೇಳೋಣ. ಕೇಳುವುದಕ್ಕೆ ಅಕ್ಕಿ ಖರ್ಚಾಗುವುದಿಲ್ಲ.

ಧಾರಾಳವನ್ನು ಎಲ್ಲಿ ತೋರಿಸಬೇಕು ಎಂಬುದರ ಬಗ್ಗೆ ನಮ್ಮ ಸೀಮೆಯ ಅಡುಗೆಯೇ ದಾರಿ ತೋರಿಸುತ್ತದೆ. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮನೆಮನೆಗಳಲ್ಲಿ ಮುಂಚಿತವಾಗಿ ಬಡಿದು ಒಣಗಿಸಿದ ಖಡಕ್ ರೊಟ್ಟಿಗಳು ರಾಶಿ ಬೀಳುತ್ತವೆ. ಬರುವವರ ಎಣಿಕೆ ಯಾರಿಗೂ ಇಲ್ಲ, ಉಳಿದರೆ ಏನು ಗತಿ ಎಂಬ ಆತಂಕವೂ ಇಲ್ಲ. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳಿನ ಪುಡಿ, ಮಾದಲಿ, ಶೇಂಗಾ ಹೋಳಿಗೆ ಇವೆಲ್ಲ ಇದೇ ಜಾತಿಯವು. ಬೇಳೆಯ ಹೋಳಿಗೆಯೂ ಎರಡು ದಿನ ತಾಳುತ್ತದೆ. ಎಣ್ಣೆಗಾಯಿ ಮರುದಿನ ಇನ್ನೂ ರುಚಿ. ಇಂಥವುಗಳಲ್ಲಿ ಕೈ ಬಿಚ್ಚೋಣ. ಕೋಸಂಬರಿಗೆ ಉಪ್ಪು ಬಿದ್ದ ಗಂಟೆಯೊಳಗೆ ಅದು ನೀರಾಗುತ್ತದೆ, ಮೊಸರನ್ನ ಬೆಳಗಾಗುವಷ್ಟರಲ್ಲಿ ಹುಳಿಯುತ್ತದೆ, ಶಾವಿಗೆ ಪಾಯಸ ಗಟ್ಟಿಯಾಗಿ ಸೌಟಿಗೆ ಅಂಟುತ್ತದೆ. ಇವು ಬಂದವರ ಲೆಕ್ಕಕ್ಕೆ ತಕ್ಕಷ್ಟಿದ್ದರೆ ಸಾಕು. ತೀರಿದರೂ ಯಾರೂ ಬೇಸರಿಸುವುದಿಲ್ಲ.

ಅನ್ನದ ಪ್ರಶ್ನೆ ಮಾತ್ರ ಬೇರೆ. ಅದು ತೀರಬಾರದು. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಹೊಟ್ಟೆಯನ್ನೂ ಕೆಡಿಸುತ್ತದೆ, ಆದ್ದರಿಂದ ರಾಶಿ ಬೇಯಿಸಿಡುವುದೂ ಸಲ್ಲ. ಯುಗಾದಿಯ ಪಾಠದ ನಂತರ ನಾನು ಕಂಡುಕೊಂಡ ಉಪಾಯ ಬಹಳ ಸಾಮಾನ್ಯವಾದದ್ದು, ಹೇಳಲೂ ನಾಚಿಕೆಯಾಗುತ್ತದೆ. ಚಿಕ್ಕ ಕುಕ್ಕರಿನಲ್ಲಿ ನಾಲ್ಕು ಜನಕ್ಕಾಗುವಷ್ಟು ಅಕ್ಕಿ ತೊಳೆದು, ನೀರು ಹಾಕಿ, ಮುಚ್ಚಿ ಒಲೆಯ ಮೇಲೆ ಇಟ್ಟಿರುತ್ತೇನೆ. ಪಾತ್ರೆ ಅರ್ಧಕ್ಕೆ ಇಳಿದೊಡನೆ ಉರಿ ಹಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಬಿಸಿ ಅನ್ನ ಬರುತ್ತದೆ. ಬೇಡವಾದರೆ ಆ ಅಕ್ಕಿಯೇ ಮರುದಿನದ ದೋಸೆಗೆ. ಅವ್ವ ಅಳೆದ ಅಕ್ಕಿಯ ಮೇಲೆ, ಕರೆಯದೆ ಬರುವವರಿಗೆಂದು ಒಂದು ಹಿಡಿ ಹೆಚ್ಚು ಹಾಕುತ್ತಿದ್ದಳು. ನನ್ನ ಕುಕ್ಕರು ಅದೇ ಹಿಡಿ; ಬೇಯಿಸುವ ಮೊದಲು ಕಾಯುತ್ತದೆ, ಅಷ್ಟೆ.

ಇನ್ನು ಬುತ್ತಿ. ನಮ್ಮಲ್ಲಿ ಊರಿಗೆ ಹೊರಟವರನ್ನು ಬರಿಗೈಯಲ್ಲಿ ಕಳುಹಿಸುವ ಪದ್ಧತಿ ಇರಲಿಲ್ಲ. ಹೊರನಾಡಿಗೆ ಬಂದ ಮೇಲೆ ಅದು ಏಕೋ ಸಣ್ಣತನದಂತೆ ಕಾಣತೊಡಗಿದೆ. ಉಳಿದದ್ದನ್ನು ದಾಟಿಸುತ್ತಿದ್ದಾರೆಂದು ಒಯ್ಯುವವರಿಗೂ ಸಂಕೋಚ, ಕೊಡುವವರಿಗೂ ಸಂಕೋಚ. ಈ ಸಂಕೋಚದಲ್ಲಿ ಸತ್ಯವಿದೆ. ಎಲ್ಲರೂ ಕೈ ತೊಳೆದ ಮೇಲೆ ಪಾತ್ರೆಯ ತಳ ಬಳಿದು ತುಂಬಿದ ಡಬ್ಬಿ ಉಳಿಕೆಯೇ ಹೌದು, ನನ್ನ ಮನೆಗೆಲಸದ ಹೆಂಗಸು ಅದನ್ನೇ ಗುರುತಿಸಿದಳು. ಆದ್ದರಿಂದ ಈಗ ನಾನು ಮೊದಲ ಪಂಕ್ತಿ ಕೂರುವ ಮುಂಚೆಯೇ ಡಬ್ಬಿಗಳನ್ನು ತುಂಬಿ ಬದಿಗಿಡುತ್ತೇನೆ. ಅವಳದೂ ಅದರಲ್ಲೊಂದು, ಅದೇ ದಿನದ್ದು, ಅದೇ ಬಿಸಿಯದು. ಬೇಕೇ ಎಂದು ಮೊದಲು ಕೇಳಿ. ತುಂಬಿದ ಪಾತ್ರೆಯಿಂದ ತೆಗೆದದ್ದಕ್ಕೂ ಬರಿದಾಗುವ ಪಾತ್ರೆಯಿಂದ ತೆಗೆದದ್ದಕ್ಕೂ ಪದಾರ್ಥದಲ್ಲಿ ಭೇದವಿಲ್ಲ, ಮರ್ಯಾದೆಯಲ್ಲಿ ಇದೆ. ಇದರಿಂದ ಇನ್ನೊಂದು ಅನುಕೂಲವೂ ಇದೆ: ಸಾಕೆಂದವರನ್ನು ಕಾಡುವ ಅಗತ್ಯ ಬೀಳುವುದಿಲ್ಲ. "ಈಗ ಬ್ಯಾಡಾದ್ರ ನಾಳೆ ಉಣ್ರಿ" ಎಂದರೆ ಮುಗಿಯಿತು. ಉಪಚಾರದ ಮಾತು ಉಳಿಯುತ್ತದೆ, ಬಲವಂತ ಹೋಗುತ್ತದೆ.

ಡಬ್ಬಿಗಳು ಮರಳುವುದಿಲ್ಲವೆಂಬ ದೂರು ಎಲ್ಲ ಗೃಹಿಣಿಯರದೂ. ಯುಗಾದಿಯ ಆ ಹಿರಿಯರನ್ನು ಒಂದು ತಿಂಗಳ ನಂತರ ಮತ್ತೆ ಕರೆದೆ. ಕಟ್ಟಿನ ಸಾರನ್ನೇ ಮಾಡಿದ್ದೆ. ಮೂರು ಸಲ ಅನ್ನ ಹಾಕಿಸಿಕೊಂಡರು, ನಾಲ್ಕನೆಯ ಸಲ ಕೈ ಅಡ್ಡ ಹಿಡಿದರು. ನಾನು ಸೌಟು ಹಿಂತೆಗೆದೆ. ಹೊರಡುವಾಗ ಬುತ್ತಿಯನ್ನು ಎರಡೂ ಕೈಗಳಿಂದ ತೆಗೆದುಕೊಂಡರು. ಹತ್ತು ದಿನಗಳ ಮೇಲೆ ಡಬ್ಬಿಯನ್ನು ಮರಳಿಸಲು ತಾವೇ ಬಂದರು. ಖಾಲಿ ಡಬ್ಬಿ ಕೊಡಬಾರದಲ್ಲವೇ, ಒಳಗೆ ಒಂದು ಹಿಡಿ ಸಕ್ಕರೆ, ನಾಲ್ಕು ಉತ್ತತ್ತಿ ಇದ್ದವು. ಮುಚ್ಚಳ ಮಾತ್ರ ಬೇರೆ ಯಾವುದೋ ಡಬ್ಬಿಯದು.