ಕಡಲಿಲ್ಲದ ಸೀಮೆಯ ಚಂಡಮಾರುತ

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೊಂದು ಹುಟ್ಟಿತೆಂದರೆ ಪತ್ರಿಕೆಗಳೂ ಆಕಾಶವಾಣಿಯೂ ಸರ್ಕಾರದ ಕಚೇರಿಗಳೂ ಅದು ದಡ ಮುಟ್ಟುವ ಗಳಿಗೆಯವರೆಗೆ ಹೆಜ್ಜೆ ಹೆಜ್ಜೆಗೂ ಅದನ್ನು ಹಿಂಬಾಲಿಸುತ್ತವೆ. ದಡ ದಾಟಿ, ಬಲಗುಂದಿ, ಮೊದಲು ವಾಯುಭಾರ ಕುಸಿತವೆಂದೂ ಆಮೇಲೆ ಬರಿಯ ಕಡಿಮೆ ಒತ್ತಡದ ಪ್ರದೇಶವೆಂದೂ ಕರೆಯಿಸಿಕೊಳ್ಳತೊಡಗಿದೊಡನೆ ಅದರ ಕಥೆ ಮುಗಿಯಿತೆಂದು ಎಲ್ಲರೂ ಬೇರೆ ಸುದ್ದಿಗೆ ತಿರುಗುತ್ತಾರೆ. ಆ ಕಡಲಿನಿಂದ ಸುಮಾರು ನಾನೂರು ಕಿಲೋಮೀಟರು ಒಳಗಿರುವ ಕಂಪ್ಲಿ, ಹೊಸಪೇಟೆ, ಸಂಡೂರು ಸೀಮೆಯ ರೈತನಿಗೆ ಆ ಕಥೆ ಆರಂಭವಾಗುವುದೇ ಆಗ.

ಚಂಡಮಾರುತಕ್ಕೆ ಆಹಾರವು ಬೆಚ್ಚನೆಯ ಕಡಲನೀರು. ನೆಲಕ್ಕೆ ಬಂದೊಡನೆ ಆ ಆಹಾರ ತಪ್ಪುತ್ತದೆ. ಗುಡ್ಡ, ಮರ, ಮನೆಗಳ ಘರ್ಷಣೆಯು ನೆಲಮಟ್ಟದ ಗಾಳಿಯನ್ನು ತಡೆಹಿಡಿಯುತ್ತದೆ. ಆದರೆ ಸಾವಿರ ಮೀಟರು ಮೇಲಿನ ಗಾಳಿ ಅಷ್ಟು ಸುಲಭವಾಗಿ ಸೋಲತಕ್ಕದ್ದಲ್ಲ. ಸುರಿಯುವ ಮಳೆಯ ರಭಸವೋ ನಡುಹಗಲಿನ ಬಿಸಿಲೋ ವಾಯುವನ್ನು ಮೇಲುಕೆಳಗು ಮಾಡಿದಾಗ ಅದು ಬೀಸುಬೀಸಾಗಿ ಕೆಳಕ್ಕೆ ಇಳಿಯುತ್ತದೆ. ಗಂಟೆಗೆ 31ರಿಂದ 49 ಕಿಲೋಮೀಟರಾದರೆ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ ಎಂದು ಹವಾಮಾನ ಇಲಾಖೆ ಗೆರೆ ಎಳೆದಿರುವುದು ಮೂರು ನಿಮಿಷಗಳ ಸರಾಸರಿ ವೇಗದ ಮೇಲೆ. ಗಿಡ ಮುರಿಯುವುದಾದರೋ ಕ್ಷಣಮಾತ್ರದ ಬೀಸಿಗೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ನೂಕುಬಲ ನಾಲ್ಮಡಿಯಾಗುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು.

ಚಂಡಮಾರುತದ ಅವಶೇಷ ಹೀಗೆ ಒಳನಾಡಿಗೆ ಬರುವುದು ಎಲ್ಲೋ ಒಮ್ಮೆ ನಡೆಯುವ ಅಪೂರ್ವ ಘಟನೆಯೇನೂ ಅಲ್ಲ. 2010ರ ನವೆಂಬರಿನಲ್ಲಿ ಚೆನ್ನೈ ಬಳಿ ದಡ ಹತ್ತಿದ ‘ಜಲ್’ ಹಾಗೂ 2012ರ ಅಕ್ಟೋಬರ್ 31ರಂದು ಮಹಾಬಲಿಪುರದ ಸಮೀಪ ಬಂದ ‘ನೀಲಂ’ ಇವೆರಡರ ಅವಶೇಷಗಳೂ ರಾಯಲಸೀಮೆಯನ್ನು ಹಾಯ್ದು ಕರ್ನಾಟಕದ ಕಡೆಗೇ ಸರಿದವು. 1977ರ ನವೆಂಬರಿನಲ್ಲಿ ನಾಗಪಟ್ಟಣದ ಬಳಿ ದಡ ಸೇರಿದ ಚಂಡಮಾರುತವಂತೂ ಪರ್ಯಾಯದ್ವೀಪವನ್ನೇ ಅಡ್ಡಹಾಯ್ದು, ಅರಬ್ಬೀ ಸಮುದ್ರಕ್ಕಿಳಿದು, ಅಲ್ಲಿ ಮರಳಿ ಬಲಗೊಂಡು, ಹೊನ್ನಾವರದ ಸಮೀಪ ನಮ್ಮ ಕರಾವಳಿಯನ್ನು ಬಡಿಯಿತು. ಅದೇ ತಿಂಗಳು ಆಂಧ್ರದ ದಿವಿಸೀಮೆಯಲ್ಲಿ ಸಹಸ್ರಾರು ಪ್ರಾಣಗಳನ್ನು ನುಂಗಿದ ಮತ್ತೊಂದು ಚಂಡಮಾರುತದ ಭೀಕರತೆಯಲ್ಲಿ ಜನ ಇದನ್ನು ಮರೆತರು. ಅಮೆರಿಕದಲ್ಲಿ 2008ರ ಸೆಪ್ಟೆಂಬರ್ 13ರಂದು ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ ಬಳಿ ದಡ ಹತ್ತಿದ ‘ಐಕ್’ ಮರುದಿನ ಸಾವಿರಕ್ಕೂ ಮಿಕ್ಕ ಕಿಲೋಮೀಟರು ದೂರದ ಕೆಂಟಕಿ, ಓಹಾಯೊ ಸೀಮೆಗಳಲ್ಲಿ ಮಳೆಯನ್ನೂ ಹೆಚ್ಚು ಸುರಿಸದೆ ಕೇವಲ ಗಾಳಿಯಿಂದಲೇ ಲಕ್ಷಾಂತರ ಮನೆಗಳ ವಿದ್ಯುತ್ತನ್ನು ಕಿತ್ತುಹಾಕಿತು.

ನಮ್ಮಲ್ಲಿ ಹೊಡೆತ ಬೀಳುವುದು ಮುಖ್ಯವಾಗಿ ಬಾಳೆ ಮತ್ತು ಭತ್ತದ ಮೇಲೆ. ವಿಜಯನಗರದ ಅರಸರ ಕಾಲದಿಂದ ಹರಿಯುತ್ತಿರುವ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳ ಕೆಳಗೆ ಹಬ್ಬಿರುವ ತೋಟಗಳಲ್ಲಿ ನಿಂತು ನೋಡಿದವರಿಗೆ ಗೊತ್ತು: ಬಾಳೆಯ ದಿಂಡು ಮರವಲ್ಲ, ಎಲೆಯ ಪದರಗಳ ಸುರುಳಿ, ಬೇರು ಹೆಚ್ಚು ಆಳಕ್ಕಿಳಿದುದಲ್ಲ, ತಲೆಯ ಮೇಲೆ ಮಾತ್ರ ಗೊನೆಯ ಭಾರ. ಹೀಗಾಗಿ ಎಳೆಯ ಗಿಡ ಎಲೆ ಸೀಳಿಕೊಂಡು ಉಳಿದರೂ ಉಳಿದೀತು, ಇನ್ನು ಹದಿನೈದು ದಿನಕ್ಕೆ ಕಡಿಯಬೇಕಾಗಿದ್ದ ಗೊನೆಯ ಗಿಡವೇ ಮೊದಲು ನೆಲಕ್ಕೆ ಒರಗುತ್ತದೆ. ಕೊಡಬೇಕಾದ ಗೊಬ್ಬರವನ್ನೆಲ್ಲ ಕೊಟ್ಟು, ಕೂಲಿಯನ್ನೆಲ್ಲ ತೆತ್ತು, ಗಳ ಕೊಟ್ಟು ನಿಲ್ಲಿಸಿದ ಮೇಲೆ ಬೀಳುವ ಆ ಗಿಡವನ್ನು ಕಡಿದು ಹೊರಹಾಕುವುದಕ್ಕೂ ಮತ್ತೆ ಕೂಲಿ ತೆರಬೇಕು.

ಭತ್ತದ ಸಂಕಟ ಇನ್ನೊಂದು ಬಗೆಯದು. ಬಂಗಾಳ ಕೊಲ್ಲಿ ಕೆರಳುವುದು ವರ್ಷದಲ್ಲಿ ಎರಡು ಸಲ, ಮುಂಗಾರಿಗೆ ಮುಂಚೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಮತ್ತು ಹಿಂಗಾರಿನ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ತುಂಗಭದ್ರೆಯ ನೀರಿನಲ್ಲಿ ಎರಡು ಬೆಳೆ ತೆಗೆಯುವ ಕಂಪ್ಲಿಯ ಬಯಲಿನಲ್ಲಿ ತೆನೆ ಬಲಿತು ಬಾಗಿ ನಿಲ್ಲುವುದೂ ಸರಿಸುಮಾರು ಇವೇ ತಿಂಗಳುಗಳಲ್ಲಿ. ಇಲ್ಲಿ ಬಹಳವಾಗಿ ಬೆಳೆಯುವ ಬಿ.ಪಿ.ಟಿ. ತಳಿಗಳನ್ನು ಕೊಟ್ಟದ್ದು ಆಂಧ್ರದ ಕಡಲ ತಡಿಯ ಬಾಪಟ್ಲ. 2023ರ ಡಿಸೆಂಬರ್ 5ರಂದು ‘ಮಿಚಾಂಗ್’ ದಡ ಮುಟ್ಟಿದ್ದೂ ಆ ಬಾಪಟ್ಲದ ಬಳಿಯಲ್ಲೇ. ಒಂದು ರಾತ್ರಿಯ ಗಾಳಿಗೆ ಪೈರು ಚಾಪೆ ಹಾಸಿದಂತೆ ಮಲಗಿತೆಂದರೆ ಕೊಯ್ಲಿನ ಯಂತ್ರ ಎಕರೆಗೆ ಹಿಡಿಯುವ ಹೊತ್ತು ಏರುತ್ತದೆ, ಗಂಟೆಗಿಷ್ಟೆಂಬ ಬಾಡಿಗೆ ಏರುತ್ತದೆ, ಕೆಸರಿಗೆ ತಾಗಿದ ತೆನೆ ಮೊಳೆಯುತ್ತದೆ. ಯೂರಿಯವನ್ನು ಅತಿಯಾಗಿ ಸುರಿದ ಪೈರು ಸೊಕ್ಕಿ ಬೆಳೆದು ಬೇಗ ಒರಗುತ್ತದೆಂಬ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಅಷ್ಟರ ಮಟ್ಟಿಗೆ ದೋಷ ನಮ್ಮದೇ.

ಸಂಡೂರಿನ ಭೀಮಗಂಡಿಯಂಥ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಯ ರಭಸ ಬಯಲಿನವರ ಅಂದಾಜಿಗೆ ಸಿಕ್ಕುವಂಥದಲ್ಲ. ಆದರೆ ಈ ಗಾಳಿಯ ಹಾನಿ ಹೊರಗಿನವರ ಕಣ್ಣಿಗೆ ಬೀಳುವುದು ಕಡಿಮೆ. ಹಂಪೆಯಲ್ಲಿ 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷನ ಗುಡಿಯ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿದಾಗ ನಾಡೆಲ್ಲ ತಿರುಗಿ ನೋಡಿತು. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಸ್ಥಳದ ವಿಷಯದಲ್ಲಿ ನೋಡಬೇಕಾದುದೇ ಸರಿ. ಅದರ ಮಗ್ಗುಲಲ್ಲೇ ಮಲಗಿದ ಬಾಳೆತೋಟದ ಕಡೆಗೂ ಆ ದೃಷ್ಟಿ ಒಂದಿಷ್ಟು ಹೊರಳಬಾರದೆ?

ವಿಪತ್ತು ಪರಿಹಾರ ನಿಧಿಯ ರಾಷ್ಟ್ರೀಯ ಪಟ್ಟಿಯಲ್ಲಿ ಚಂಡಮಾರುತವಿದೆ, ಆಲಿಕಲ್ಲಿನ ಮಳೆಯಿದೆ, ಮೇಘಸ್ಫೋಟವಿದೆ, ನಮ್ಮ ಸೀಮೆ ಕಂಡರಿಯದ ಹಿಮಕುಸಿತವೂ ಇದೆ. ಬರಿಯ ಬಿರುಗಾಳಿ ಇಲ್ಲ. ಫಸಲ್ ಬಿಮಾ ಯೋಜನೆಯ ಪ್ರಕಾರ ಕೊಯ್ದು ಹೊಲದಲ್ಲಿ ಒಣಹಾಕಿದ ಪೈರು ಚಂಡಮಾರುತದ ಮಳೆಗೆ ಕೆಟ್ಟರೆ ಹದಿನಾಲ್ಕು ದಿನಗಳವರೆಗೆ ಒಬ್ಬೊಬ್ಬ ರೈತನ ನಷ್ಟವನ್ನೂ ಎಣಿಸುತ್ತಾರೆ. ನಿಂತ ಪೈರು ಗಾಳಿಗೆ ಒರಗಿದರೆ ಊರಿನ ಸರಾಸರಿ ಇಳುವರಿಯೇ ಗತಿ. ಆದರೂ ದಾರಿ ಇಲ್ಲದಿಲ್ಲ. ರಾಜ್ಯಗಳು ತಮ್ಮ ನಿಧಿಯ ಶೇಕಡ 10ರಷ್ಟನ್ನು ತಾವೇ ಘೋಷಿಸಿದ ಸ್ಥಳೀಯ ವಿಪತ್ತುಗಳಿಗೆ ವೆಚ್ಚ ಮಾಡಬಹುದು. ನೆರೆಯ ಕೇರಳವು ಬಲವಾದ ಗಾಳಿಯನ್ನು ಅಂಥ ವಿಪತ್ತೆಂದು ಸಾರಿದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿಗಳಲ್ಲಿ ನಿಲ್ಲಿಸಿರುವ ಹವಾಮಾನ ಯಂತ್ರಗಳು ಗಾಳಿಯ ವೇಗವನ್ನೂ ದಿಕ್ಕನ್ನೂ ಬರೆದಿಡುತ್ತವೆ. ಇಷ್ಟು ವೇಗ ಮೀರಿದ ಹೋಬಳಿಯಲ್ಲಿ ಬೆಳೆಸಮೀಕ್ಷೆ ತಾನಾಗಿಯೇ ಆರಂಭವಾಗತಕ್ಕದ್ದು ಎಂಬ ನಿಯಮವೊಂದನ್ನು ಆ ದಾಖಲೆಯ ಆಧಾರದ ಮೇಲೆ ಮಾಡುವುದು ಅಸಾಧ್ಯವಲ್ಲ.

ಬೇಸಗೆಯ ಗುಡುಗುಗಾಳಿ ಅರ್ಧ ಮೈಲಿ ಅಗಲದ ಪಟ್ಟೆಯಲ್ಲಿ ಬೀಸಿ ಯಂತ್ರದ ಕಣ್ಣು ತಪ್ಪಿಸಿ ಹೋದೀತು ಎಂಬ ಆಕ್ಷೇಪ ನಿಜ. ಅಂಥಲ್ಲಿ ಗ್ರಾಮ ಆಡಳಿತಾಧಿಕಾರಿಯ ಮಹಜರನ್ನು ನಂಬಬೇಕಾಗುತ್ತದೆ. ಚಂಡಮಾರುತದ ಅವಶೇಷವಾದರೋ ತಾಲ್ಲೂಕುಗಳನ್ನೇ ಆವರಿಸಿ ಬರುವಂಥದು, ಯಂತ್ರಕ್ಕೆ ಸಿಕ್ಕಿಯೇ ಸಿಕ್ಕುತ್ತದೆ. ಇನ್ನೊಂದು ತೊಡಕುಂಟು: 2021ರಲ್ಲಿ ಹೊಸ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪೆಗಳು ವಿಜಯನಗರಕ್ಕೂ ಕಂಪ್ಲಿ, ಸಂಡೂರುಗಳು ಬಳ್ಳಾರಿಗೂ ಸೇರಿವೆ. ಒಂದೇ ರಾತ್ರಿಯ ಒಂದೇ ಗಾಳಿಗೆ ಎರಡು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಎರಡು ವರದಿಗಳು ಬೇರೆಬೇರೆ ದಿನ ಸಿದ್ಧವಾಗಿ ಬೇರೆಬೇರೆ ದರದಲ್ಲಿ ನಷ್ಟ ಹೇಳುವಂತಾಗದ ಹಾಗೆ ಈ ನಾಲ್ಕೂ ಕಡೆಗಳ ಗಾಳಿಯ ದಾಖಲೆಯನ್ನು ಒಟ್ಟಿಗೆ ಓದುವ ಏರ್ಪಾಡು ಮುಂದಿನ ಅಕ್ಟೋಬರಿಗೆ ಮುಂಚೆ ಆಗಬೇಕು.